ಒರಗು ಸ್ವರ

ಕ್ಲಾಸಿಗೆ ಬಂದ ಕೂಡಲೇ ನಯನ ಮಾಡುತ್ತಿದ್ದ ಮೊದಲ ಕೆಲಸ, ಪಿಯಾನೊದ ಕೀಗಳನ್ನು ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಒರೆಸುವುದು. ಸಂಗೀತ ಶಾಲೆಯ ಯಜಮಾನ ಶಶಿಧರ್ ಬೆಳಗಿನ ತಿಂಡಿಯನ್ನು ಆ ಪಿಯಾನೊ ಮುಂದೆಯೇ ಕೂತು ತಿನ್ನುತ್ತಿದ್ದ. ಒಂದು ಕೈಯಲ್ಲಿ ವಡೆ, ಇನ್ನೊಂದು ಕೈಯಲ್ಲಿ ಯಾವುದೋ ಸಿನಿಮಾ ಹಾಡಿನ ತುಣುಕು. ಸ್ವಲ್ಪ ಹೊತ್ತಾದ ಮೇಲೆ ಕೈ ಬದಲಾಯಿಸುತ್ತಿದ್ದ. ಬಿಳಿ ಕೀಗಳ ಮೇಲೆ ಎಣ್ಣೆಯ ಪಸೆ ಕೂರುತ್ತಿತ್ತು, ಸಂದಿಯಲ್ಲಿ ಈರುಳ್ಳಿ ಚೂರು ಸಿಕ್ಕಿಕೊಂಡಿರುತ್ತಿತ್ತು. ಅದನ್ನು ನಯನ ಬೆಂಕಿಕಡ್ಡಿಯಲ್ಲಿ ಕೆದಕಿ ತೆಗೆಯುತ್ತಿದ್ದಳು.

ಶಶಿಧರ್ ಮೊದಲು ಮದುವೆ ಆರ್ಕೆಸ್ಟ್ರಾಗಳಿಗೆ ಮೈಕು, ಸ್ಪೀಕರು ಬಾಡಿಗೆಗೆ ಕೊಡುತ್ತಿದ್ದವನು. ವಿದೇಶಿ ಸಂಗೀತದ ಗ್ರೇಡ್ ಪರೀಕ್ಷೆಗೆ ಮಕ್ಕಳನ್ನು ಕೂರಿಸುವ ಹುಚ್ಚು ತಾಯಿತಂದೆಯರಿಗೆ ಹಿಡಿದದ್ದನ್ನು ನೋಡಿ ಮಂಡ್ಯದಲ್ಲಿ ಒಂದು ಶಾಲೆ ತೆರೆದ. ಆಮೇಲೆ ಮದ್ದೂರಿನಲ್ಲಿ, ಮಳವಳ್ಳಿಯಲ್ಲಿ. ಮೂರೂ ಕಡೆ ಪಾಠ ಹೇಳುತ್ತಿದ್ದವಳು ನಯನ ಒಬ್ಬಳೇ. ಬಸರಾಳು ಕಡೆಯ ಹುಡುಗಿ. ಮೈಸೂರಿನ ಹಾಸ್ಟೆಲ್ಲಿನಲ್ಲಿ ಓದುವಾಗ ಸಿಸ್ಟರ್ ಆಗ್ನೆಸ್ ಅನ್ನುವ ಮುದುಕಿಯ ಬಳಿ ಪಿಯಾನೊ ಕಲಿತಿದ್ದಳು. ಮೂವತ್ತೈದು ದಾಟಿತ್ತು. ಮದುವೆಯ ಮಾತು ಬಂದರೆ ಎದ್ದು ಹೋಗುತ್ತಿದ್ದಳು. ತಾಯಿ ಮರಿತಾಯಮ್ಮನ ಜೊತೆ ಮಂಡ್ಯದ ಬಾಡಿಗೆ ಮನೆಯಲ್ಲಿದ್ದಳು.

ಅವಳ ಶಿಷ್ಯರಲ್ಲಿ ತಹಸೀನ್ ಬೇರೆಯೇ ಥರ. ಮದ್ದೂರಿನ ಹಳೇ ಹೈವೇ ಬದಿಯಲ್ಲಿ ಗ್ಯಾರೇಜು ಇಟ್ಟಿದ್ದ ಜಕೀವುಲ್ಲಾನ ಮಗಳು, ಪಿಯುಸಿ ಓದುತ್ತಿದ್ದಳು. ಹೇಳಿದ್ದನ್ನು ಸುಮ್ಮನೆ ಒಪ್ಪುವವಳಲ್ಲ. ಪರೀಕ್ಷೆಗೆ ಅವಳು ಆರಿಸಿಕೊಂಡದ್ದು ಇನ್ನೂರೈವತ್ತು ವರ್ಷದ ಹಿಂದೆ ವಿಯೆನ್ನಾದಲ್ಲಿ ಬರೆದ ಸೊನಾಟಾ ಅನ್ನುವ ಪಿಯಾನೊ ಕೃತಿಯೊಂದರ ನಿಧಾನದ ಭಾಗ. ಅದರ ತುಂಬ ಅಲಂಕಾರದ ಚಿಕ್ಕ ಸ್ವರಗಳು. ದೊಡ್ಡ ಸ್ವರದ ಮುಂದೆ, ಅದಕ್ಕೆ ಅಂಟಿಕೊಂಡ ಹಾಗೆ, ಇರುವೆ ಗಾತ್ರದಲ್ಲಿ ಅಚ್ಚಾಗಿದ್ದವು. ತಹಸೀನ್ ಅವನ್ನೆಲ್ಲ ಒಗ್ಗರಣೆಯ ಸಾಸಿವೆ ಸಿಡಿದ ಹಾಗೆ ಟಕ್ಕನೆ ನುಡಿಸಿ ಮುಂದಕ್ಕೆ ಹೋಗಿಬಿಡುತ್ತಿದ್ದಳು.

"ನಿಲ್ಲಿಸು," ಅಂದಳು ನಯನ. "ಆ ಚಿಕ್ಕ ಸ್ವರದ ಬಾಲದ ಮೇಲೆ ಅಡ್ಡ ಗೀಟು ಇದ್ಯಾ?"

"ಇಲ್ಲ ಮಿಸ್."

"ಗೀಟಿದ್ರೆ ಸಾಮಾನ್ಯವಾಗಿ ಟಕ್ಕನೆ ಗೀರಿ ಹೋಗೋದು. ಇಲ್ದಿದ್ರೆ ಅದು ಒರಗು ಸ್ವರ. ಅದರ ಮೇಲೆ ಒರಗಬೇಕು. ಮುಂದಿರೋ ದೊಡ್ಡ ಸ್ವರಕ್ಕೆ ಎರಡು ಎಣಿಕೆ ಇದ್ರೆ ಅದರಲ್ಲಿ ಒಂದು ಈ ಚಿಕ್ಕದಕ್ಕೆ. ದೊಡ್ಡದರ ಪಕ್ಕ ಚುಕ್ಕಿ ಇದ್ದು ಮೂರು ಎಣಿಕೆ ಆದ್ರೆ, ಎರಡು ಚಿಕ್ಕದಕ್ಕೆ, ಉಳಿದದ್ದು ದೊಡ್ಡದಕ್ಕೆ."

"ಇಷ್ಟ್ ಚಿಕ್ದಾಗಿ ಬರ್ದವ್ರೆ. ಇದ್ನ ಉದ್ದ ನುಡ್ಸು ಅಂದ್ರೆ ಹೆಂಗ್ ಮಿಸ್? ನೋಡ್ಕಂಡ್ ಹೋಗಕ್ ಬಂದ ನೆಂಟ್ರು ಮಂಚಾನೇ ಹಿಡ್ಕಂಡಂಗಾಯ್ತು."

ನಯನಳಿಗೆ ನಗು ಬಂತು. ಎಡಗೈಯ ಸ್ವರಗಳನ್ನು ಅವಳ ಕೈಯಲ್ಲೇ ಒತ್ತಿಸಿ ಹಿಡಿಸಿ, ಅದರ ಮೇಲೆ ತಾನು ಆ ಚಿಕ್ಕ ಸ್ವರವನ್ನು ಒತ್ತಿದಳು. ಎರಡೂ ಒಂದಕ್ಕೊಂದು ಉಜ್ಜಿದ ಹಾಗೆ ಕೇಳಿಸಿತು. ತಹಸೀನ್ ಮುಖ ಕಿವುಚಿದಳು.

"ಕೇಳಿಸ್ತಾ? ಎಡಗೈಗೆ ಒಗ್ಗದ ಸ್ವರ ಅದು. ಆಗಿನ ನಿಯಮದ ಪ್ರಕಾರ ಆ ಜಾಗದಲ್ಲಿ ಇರಬಾರದು. ಅದಕ್ಕೇ ಪುಸ್ತಕದಲ್ಲಿ ಚಿಕ್ಕದಾಗಿ ಬರೆದ್ರು, ನುಡಿಸುವಾಗ ಪೂರ್ತಿ ನುಡಿಸಿದ್ರು. ಎಡಗೈ ಬೀಳೋ ಹೊತ್ತಿಗೇ ಇದೂ ಬೀಳಬೇಕು, ಮುಂಚೆ ಅಲ್ಲ. ಭಾರ ಎಲ್ಲ ಇದರ ಮೇಲೆ. ಆಮೇಲೆ ದೊಡ್ಡದಕ್ಕೆ ಬರುವಾಗ ಕೈ ಹಗುರ ಮಾಡು. ನೋವಾಯ್ತು, ಹೋಯ್ತು, ಅಷ್ಟೇ."

ಹೇಳಿದಷ್ಟು ಸುಲಭವಾಗಿರಲಿಲ್ಲ. ತಹಸೀನ್ ಎಣಿಸಿಕೊಂಡು ನುಡಿಸಿದರೆ ಗಡಿಯಾರದ ಹಾಗೆ ಕೇಳುತ್ತಿತ್ತು. ಎಣಿಸದೆ ನುಡಿಸಿದರೆ ಮತ್ತೆ ಸಾಸಿವೆ. ನಯನ ಬೈದಳು, ತಾನೇ ನುಡಿಸಿ ತೋರಿಸಿದಳು, ಹಾಡಿ ತೋರಿಸಿದಳು. ಬೇಸಿಗೆ ಶುರುವಾಗುವ ಹೊತ್ತಿಗೆ ಒಂದು ಸಂಜೆ ಹುಡುಗಿ ಬಂದವಳೇ ಚಪ್ಪಲಿ ಬಿಟ್ಟು ನೇರ ಪಿಯಾನೊ ಮುಂದೆ ಕೂತು ಆ ಸಾಲನ್ನು ನುಡಿಸಿದಳು. ಚಿಕ್ಕ ಸ್ವರದ ಮೇಲೆ ಬೆರಳು ಕೂತು ಭಾರ ಬಿಟ್ಟಿತು, ಎಡಗೈಯೊಂದಿಗೆ ಒಂದು ಗಳಿಗೆ ತಿಕ್ಕಾಡಿತು, ಆಮೇಲೆ ಮೆಲ್ಲಗೆ ದೊಡ್ಡ ಸ್ವರಕ್ಕೆ ಇಳಿದು ತಣ್ಣಗಾಯಿತು.

ನಯನ ಕೇಳಿದಳು, "ಎಲ್ಲಿ ಕಲಿತೆ ಇದನ್ನ?"

"ನಮ್ ದಾದಿ, ಅಬ್ಬನ್ ತಾಯಿ, ಕುರ್ಚಿಯಿಂದ ಏಳೋವಾಗ ನನ್ ಭುಜದ್ ಮೇಲೆ ಭಾರ ಬುಡ್ತಾರೆ ಮಿಸ್. ಪೂರ್ತಿ ಭಾರ. ಎದ್ದ್ ನಿಂತ್ ಮೇಲೆ ಕೈ ಸುಮ್ನೆ ಇಟ್ಕಂಡಿರ್ತಾರೆ, ಭಾರ ಇರಲ್ಲ. ಬೆಳಿಗ್ಗೆ ಹಂಗೇ ನಿಂತಿದ್ದಾಗ ಹೊಳೀತು."

ಆ ರಾತ್ರಿ ಊಟಕ್ಕೆ ಕೂತಾಗ ನಯನ ಇದನ್ನು ತಾಯಿಗೆ ಹೇಳಿದಳು. ಮರಿತಾಯಮ್ಮನಿಗೆ ಪಿಯಾನೊ ವಿಷಯ ಗೊತ್ತಿಲ್ಲ. ಆದರೆ ಮಗಳು ಎರಡನೇ ಸಲ ಮುದ್ದೆ ಹಾಕಿಸಿಕೊಂಡದ್ದನ್ನು ನೋಡಿ ಸಮಾಧಾನಪಟ್ಟರು.

ಪರೀಕ್ಷೆ ವಿಡಿಯೋದಲ್ಲಿ. ಮಗು ನುಡಿಸುವುದನ್ನು ಎಲ್ಲೂ ನಿಲ್ಲಿಸದೆ, ಕತ್ತರಿಸದೆ, ಒಂದೇ ಸಲಕ್ಕೆ ಚಿತ್ರೀಕರಿಸಿ ಪರೀಕ್ಷಾ ಮಂಡಳಿಗೆ ಕಳಿಸಬೇಕು. ಚಿತ್ರೀಕರಿಸುವ ಕೆಲಸ ಶಶಿಧರನದು. ಮದ್ದೂರಿನ ಮಕ್ಕಳದ್ದನ್ನು ಚಿತ್ರೀಕರಿಸಿದ ದಿನ ನಯನ ಮಳವಳ್ಳಿಯಲ್ಲಿ ಪಾಠ ಮಾಡುತ್ತಿದ್ದಳು. "ನೀವಿದ್ರೆ ಮಕ್ಕಳು ಹೆದ್ರುತ್ವೆ ಮೇಡಂ, ನಾನ್ ನೋಡ್ಕೋತೀನಿ" ಅಂದಿದ್ದ.

ಫಲಿತಾಂಶ ಬಂತು. ಶಾಲೆಯ ಮಕ್ಕಳೆಲ್ಲ ಒಬ್ಬರೂ ಬಿಡದೆ ಡಿಸ್ಟಿಂಕ್ಷನ್. ಮಂಡ್ಯದಲ್ಲೂ ಮದ್ದೂರಿನಲ್ಲೂ ಫ್ಲೆಕ್ಸ್ ಎದ್ದವು. ಮಕ್ಕಳ ಫೋಟೋಗಳ ನಡುವೆ ನಯನಳ ಫೋಟೋ ಕೂಡ ಇತ್ತು, ಕೆನ್ನೆಗೆ ಬಣ್ಣ ಬಳಿದು, ಮೈಬಣ್ಣ ತಿಳಿ ಮಾಡಿ. ಅದನ್ನು ನೋಡಿ ಅವಳಿಗೆ ಕಿರಿಕಿರಿಯಾಯಿತು. ಆದರೆ ಎಲ್ಲರೂ ಖುಷಿಯಾಗಿದ್ದರು, ಸುಮ್ಮನಾದಳು.

ಮರುದಿನ ಮಳವಳ್ಳಿಯಿಂದ ಮದ್ದೂರಿಗೆ ಬಸ್ಸಿನಲ್ಲಿ ಬರುತ್ತಿದ್ದಾಗ ಶಶಿಧರ್ ಶಾಲೆಯ ವಾಟ್ಸಾಪ್ ಗುಂಪಿಗೆ ವಿಡಿಯೋಗಳನ್ನು ಹಾಕಿದ. ಮುಂದೆ ಕಬ್ಬಿನ ಟ್ರ್ಯಾಕ್ಟರು ರಸ್ತೆ ತುಂಬ ಹರಡಿಕೊಂಡು ತೆವಳುತ್ತಿತ್ತು. ನಯನ ಇಯರ್‌ಫೋನ್ ಹಾಕಿಕೊಂಡು ತಹಸೀನಳ ವಿಡಿಯೋ ತೆರೆದಳು. ಮೊದಲ ಸಾಲು ಚೆನ್ನಾಗಿತ್ತು. ಎರಡನೇ ಸಾಲಿನ ಚಿಕ್ಕ ಸ್ವರ ಬಂತು. ಟಕ್. ಸಾಸಿವೆ.

ಅಯ್ಯೋ, ಹೆದರಿಕೆಗೆ ಮರೆತಳು ಅಂದುಕೊಂಡು ಬೆರಳು ನೋಡಿದಳು. ಬೆರಳು ಇನ್ನೂ ಚಿಕ್ಕ ಸ್ವರದ ಮೇಲೇ ಒರಗಿಕೊಂಡಿತ್ತು. ಶಬ್ದ ಮಾತ್ರ ಆಗಲೇ ಮುಂದಿನ ಸ್ವರಕ್ಕೆ ಹೋಗಿ ಕೂತಿತ್ತು. ಫೋನು ತಡವರಿಸುತ್ತಿದೆ ಅನ್ನಿಸಿ ಹಿಂದಕ್ಕೆ ಎಳೆದು ಮತ್ತೆ ನೋಡಿದಳು. ಎಡಗೈ ಸರಿಯಾಗಿ ಹೊಂದುತ್ತಿತ್ತು. ಬಲಗೈಯ ದೊಡ್ಡ ಸ್ವರಗಳೂ ಹೆಚ್ಚುಕಡಿಮೆ ಹೊಂದುತ್ತಿದ್ದವು. ಚಿಕ್ಕ ಸ್ವರ ಬಂದ ಕಡೆಯಲ್ಲೆಲ್ಲ ಬೆರಳು ಒಂದು ಹೇಳುತ್ತಿತ್ತು, ಕಿವಿ ಇನ್ನೊಂದು ಕೇಳುತ್ತಿತ್ತು. ಆ ಶಬ್ದದಲ್ಲಿ ಉಸಿರಿರಲಿಲ್ಲ. ಎಲ್ಲ ಸ್ವರಕ್ಕೂ ಒಂದೇ ಭಾರ. ಕಂಪ್ಯೂಟರು ಹಾಳೆ ನೋಡಿ ತಾನೇ ನುಡಿಸಿದರೆ ಹೀಗೆ ಬರುತ್ತದೆ ಅಂತ ಅವಳಿಗೆ ಗೊತ್ತಿತ್ತು.

ಆ ಹುಡುಗಿಯ ಮುಖ ಪರದೆಯ ಮೂಲೆಯಲ್ಲಿ ಕಾಣುತ್ತಿತ್ತು. ಕಣ್ಣು ಅರೆಮುಚ್ಚಿ, ತಾನು ಕೇಳಿಸಿಕೊಳ್ಳುತ್ತಿದ್ದ ಏನಕ್ಕೋ ತಲೆ ಬಾಗಿಸಿದ್ದಳು. ಅದನ್ನು ಅಳಿಸಿ ಆ ಸತ್ತ ಶಬ್ದವನ್ನು ಅವಳ ಕೈಗೆ ಹೊಲಿದಿದ್ದರು. ನಯನ ಮದ್ದೂರಿನವರೆಗೂ ಕೂರಲಿಲ್ಲ. ಕೆ.ಎಂ. ದೊಡ್ಡಿಯಲ್ಲಿ ಇಳಿದುಬಿಟ್ಟಳು. ಅಂಗಡಿಯಲ್ಲಿ ಸೋಡಾ ಕುಡಿದು, ಚರಂಡಿ ಬದಿಗೆ ಹೋಗಿ ಅದನ್ನೂ ಕಾರಿಕೊಂಡಳು.

ಮದ್ದೂರಿನ ಪಾಠ ಬಿಟ್ಟು ನೇರ ಮಂಡ್ಯಕ್ಕೆ ಹೋದಳು. ಶಶಿಧರ್ ಪಿಯಾನೊ ಮುಂದೆ ಕೂತು ಪೇಪರ್ ಪ್ಲೇಟಿನಿಂದ ಗೋಬಿ ತಿನ್ನುತ್ತಿದ್ದ.

"ತಹಸೀನ್ ವಿಡಿಯೋದಲ್ಲಿರೋ ಶಬ್ದ ಯಾರದು?"

ಅವನು ಮುಚ್ಚಿಡುವ ಗೋಜಿಗೂ ಹೋಗಲಿಲ್ಲ. ಕೆಂಪು ಬಣ್ಣ ಮೆತ್ತಿದ್ದ ಬೆರಳನ್ನು ನೆಕ್ಕಿಕೊಂಡು ಹೇಳಿದ, "ಓ, ಗೊತ್ತಾಗೋಯ್ತಾ? ನಿಮ್ ಕಿವಿ ಸೂಪರ್ ಮೇಡಂ. ಎಲ್ಲಾ ಮಕ್ಕಳ್ದೂ ಹಂಗೇ. ಸಾಫ್ಟ್‌ವೇರಿಗೆ ನೋಟ್ಸ್ ಕೊಟ್ರೆ ಅದೇ ನುಡ್ಸುತ್ತೆ. ವಿಡಿಯೋಗೆ ತಕ್ಕಂಗೆ ಸ್ಪೀಡ್ ಅಡ್ಜಸ್ಟ್ ಮಾಡಿ ಕೂರಿಸೋದು. ಒಂದೊಂದ್ಕೆ ಅರ್ಧ ದಿನ ಹಿಡ್ದೈತೆ ಗೊತ್ತಾ?"

"ಅವಳು ಸರಿಯಾಗಿ ನುಡಿಸಿದ್ದಳು."

"ಎಲ್ಲಿ ಸರಿ? ನೀವು ಕೇಳ್ಬೇಕಿತ್ತು. ಆ ಚಿಕ್ಕ ಚಿಕ್ಕ ಸ್ವರಾನೆಲ್ಲ ಎಳ್ದೆಳ್ದು ನುಡಿಸ್ತಾಳೆ. ಕಿವಿಗೆ ಕರಕರ ಅನ್ಸುತ್ತೆ. ಪಾಪ ಹುಡ್ಗಿ, ಫೇಲಾಗೋಗ್ತಾಳೆ ಅಂತ ನಾನೇ ಸರಿ ಮಾಡ್ದೆ."

ಅವನ ಕೆಳತುಟಿಯ ಮೇಲೆ ಎಲೆಕೋಸಿನ ಚೂರೊಂದು ಅಂಟಿತ್ತು, ಮಾತಾಡುವಾಗ ಕುಣಿಯುತ್ತಿತ್ತು.

"ಇದ್ರಲ್ಲಿ ಬೇಜಾರ್ ಮಾಡ್ಕೊಳೋ ಅಂಥದ್ದೇನೈತೆ ಮೇಡಂ? ಮದ್ವೆ ಫೋಟೋಲಿ ಹುಡ್ಗಿ ಮುಖ ಬೆಳ್ಳಗೆ ಮಾಡಲ್ವಾ? ಯಾರಾದ್ರೂ ಮೋಸ ಅಂತಾರಾ? ಫ್ಲೆಕ್ಸ್‌ನಲ್ಲಿ ನಿಮ್ದೂ ಮಾಡ್ಸಿದೀನಿ, ಎಷ್ಟ್ ಚೆನ್ನಾಗ್ ಕಾಣ್ತಿದೀರ!" ಅಂದು ನಕ್ಕು, ಅದೇ ಕೈಯಿಂದ ಪಿಯಾನೊದ ಒಂದು ಕೀ ಒತ್ತಿದ.

"ನಾಳೆಯಿಂದ ನಾನು ಬರಲ್ಲ," ಅಂದು ನಯನ ಹೊರಗೆ ಬಂದಳು. ಮನೆಗೆ ಹೋದವಳೇ ಕೈಗೆ ಸೋಪು ಹಚ್ಚಿ ಹಚ್ಚಿ ತೊಳೆದಳು. ಅವನನ್ನು ಅವಳು ಮುಟ್ಟಿರಲಿಲ್ಲ.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಮರಿತಾಯಮ್ಮ ಕೇಳಿದರು, "ಅದ್ಯಾಕವ್ವ ಇಂಗ್ ಮೊಕ ಸಿಂಡರಿಸ್ಕಂಡಿದ್ದೀಯೆ? ಏನ್ ತುಳ್ದೆ?"

"ಹೇಸಿಗೆ ತುಳಿದೆ ಕಣವ್ವ."

ಮಾರನೇ ದಿನ ಜಕೀವುಲ್ಲಾನ ಗ್ಯಾರೇಜಿಗೆ ಹೋದಳು. ಜಕೀವುಲ್ಲಾ ಜೀಪಿನ ಅಡಿಯಿಂದ ಹೊರಗೆ ಬಂದು, ಸ್ಟೂಲು ಒರೆಸಿ ಕೂರಿಸಿ, ಪಕ್ಕದ ಹೋಟೆಲಿನಿಂದ ಟೀ ತರಿಸಿದ. ನಯನ ನಡೆದದ್ದನ್ನು ನೇರವಾಗಿ ಹೇಳಿದಳು. ಅವನು ಕೇಳಿದ, ತಲೆ ಕೆರೆದುಕೊಂಡ, ಅತ್ತಿತ್ತ ನೋಡಿದ.

"ಬುಡಿ ಮೇಡಂ. ನಮ್ ಜಮಾತಿನಾಗೆಲ್ಲ ಸ್ವೀಟ್ ಹಂಚಿ ಆಗೈತೆ. ಎಲ್ರೂ ಮಗೀನ ಹೊಗಳವ್ರೆ. ಈಗ ಹೋಗಿ ಅದು ಸುಳ್ಳು ಅಂದ್ರೆ ಏನಂತಾರೆ? ಯಾರ್ಗೂ ಗೊತ್ತಾಗಕಿಲ್ಲ, ಬುಡಿ."

"ನನಗೆ ಗೊತ್ತಾಯ್ತಲ್ಲ."

"ನಿಮ್ಗೆ ಗೊತ್ತಾಯ್ತದೆ, ನೀವ್ ಕಲ್ತೋರು. ನಾನೂ ನೋಡ್ದೆ ಆ ವಿಡಿಯೋ, ಬೋ ಚೆಂದಾಗೈತೆ."

ಅಷ್ಟರಲ್ಲಿ ಕಾಲೇಜಿನಿಂದ ತಹಸೀನ್ ಬಂದಳು. ಅವಳು ಆ ವಿಡಿಯೋ ನೋಡಿರಲೇ ಇಲ್ಲ. ತನ್ನನ್ನು ತಾನು ನೋಡಿಕೊಳ್ಳಲು ನಾಚಿಕೆ ಅಂದಳು. ನಯನ ಫೋನು, ಇಯರ್‌ಫೋನು ಕೊಟ್ಟಳು. ತಹಸೀನ್ ಗೋಡೆಗೆ ಒರಗಿ ನಿಂತು ಮೊದಲು ಮುಗುಳ್ನಕ್ಕಳು. ಎರಡನೇ ಸಾಲಿಗೆ ಬಂದಾಗ ನಗು ನಿಂತಿತು. ಹಿಂದಕ್ಕೆ ಎಳೆದು ಮತ್ತೆ ನೋಡಿದಳು. ಮೂರನೇ ಸಲ ಪೂರ್ತಿ ನೋಡಲಿಲ್ಲ. ಇಯರ್‌ಫೋನು ಕಿತ್ತು, ಹುಳ ಹೊಕ್ಕಿತ್ತೇನೋ ಅನ್ನುವ ಹಾಗೆ ದುಪಟ್ಟಾದ ತುದಿಯಿಂದ ಕಿವಿ ಉಜ್ಜಿಕೊಂಡಳು.

"ಥೂ! ಇದು ನಾನಲ್ಲ ಅಬ್ಬಾ. ನನ್ ಕೈ ಮೇಲೆ ಬೇರೆ ಯಾವನೋ ಕೈ ಇಟ್ಟಂಗೈತೆ."

ಜಕೀವುಲ್ಲಾ ಟೀ ಲೋಟ ಕೆಳಗಿಟ್ಟ. ಅವನಿಗೆ ಚಿಕ್ಕ ಸ್ವರ, ದೊಡ್ಡ ಸ್ವರ ಯಾವುದೂ ಅರ್ಥವಾಗಿರಲಿಲ್ಲ. ಮಗಳ ಆ ಮಾತು ಅರ್ಥವಾಯಿತು. ಕತ್ತಿನ ನರ ಉಬ್ಬಿತು. ನಯನಳ ಕಡೆ ತಿರುಗಿ ಕೇಳಿದ, "ಏನ್ ಮಾಡ್ಬೇಕು ಯೋಳಿ ಮೇಡಂ."

ಆ ಸಂಜೆಯೇ ತಹಸೀನ್ ಪರೀಕ್ಷಾ ಮಂಡಳಿಗೆ ಬರೆದಳು. ವಿಡಿಯೋದಲ್ಲಿ ಕೇಳುವ ಶಬ್ದ ತಾನು ನುಡಿಸಿದ್ದಲ್ಲ, ತನ್ನ ಡಿಸ್ಟಿಂಕ್ಷನ್ ವಾಪಸು ತೆಗೆದುಕೊಳ್ಳಿ, ಇಷ್ಟೇ. ಬೇರೆ ಮಕ್ಕಳ ವಿಷಯ ಎತ್ತಬೇಡ ಅಂತ ನಯನ ಹೇಳಿದ್ದಳು. ಆದರೆ ಮಂಡಳಿಯವರು ಸುಮ್ಮನಿರಲಿಲ್ಲ. ಆ ಶಾಲೆಯಿಂದ ಬಂದ ಎಲ್ಲ ವಿಡಿಯೋಗಳನ್ನೂ ತೆಗೆದು ನೋಡಿ, ಎಲ್ಲ ಫಲಿತಾಂಶಗಳನ್ನೂ ರದ್ದು ಮಾಡಿದರು.

ತಾಯಿತಂದೆಯರು ಶಶಿಧರನ ಮೇಲೆ ಬೀಳುತ್ತಾರೆ ಅಂದುಕೊಂಡಿದ್ದಳು ನಯನ. ಅವರು ಬಿದ್ದದ್ದು ಇವಳ ಮೇಲೆ. ಶಶಿಧರ್ ಮಂಡ್ಯದ ಶಾಲೆಯಲ್ಲಿ ಸಭೆ ಕರೆದು, ಇವಳನ್ನೂ ಬರಲು ಹೇಳಿದ. ಹೋಗದಿದ್ದರೆ ಹೆದರಿದಳು ಅಂದುಕೊಳ್ಳುತ್ತಾರೆ ಅಂತ ಹೋದಳು. ಒಳಗೆ ಬೆವರು, ಸೆಂಟು, ಬಾಯಿಗೆ ಹಾಕಿಕೊಂಡ ಸೋಂಪು ಎಲ್ಲ ಬೆರೆತ ವಾಸನೆ. ಶಶಿಧರ್ ಕೈ ಜೋಡಿಸಿಕೊಂಡು ಮೂಲೆಯಲ್ಲಿ ನಿಂತಿದ್ದ, ಯಾರೋ ಸತ್ತ ಮನೆಯಲ್ಲಿ ನಿಂತ ಹಾಗೆ.

ರೂಪ ಅನ್ನುವ ತಾಯಿಯೊಬ್ಬಳು ಮುಂದೆ ಬಂದಳು. ಬ್ಯಾಂಕಿನ ಕೆಲಸದವಳು, ಅವಳ ಮಗಳು ಅರ್ಪಿತ ನಯನಳ ಬಳಿಯೇ ಕಲಿಯುತ್ತಿದ್ದಳು.

"ನಿಮ್ಗೂ ಅವ್ರಿಗೂ ಏನಾದ್ರೂ ಇದ್ರೆ ನಿಮ್ ನಿಮ್ಮಲ್ಲಿ ಬಗೆಹರಿಸ್ಕೋಬೇಕಿತ್ತು. ಮಕ್ಕಳ ಸರ್ಟಿಫಿಕೇಟ್ ಮೇಲೆ ಯಾಕೆ ಕಣ್ ಹಾಕಿದ್ರಿ?"

"ರೂಪ ಅವರೇ, ಅದು ನಿಮ್ಮ ಮಗಳು ನುಡಿಸಿದ್ದಲ್ಲ. ಅರ್ಪಿತನ ಕೈಯಲ್ಲಿ ಬರೋದನ್ನ ಅವರು ಅಳಿಸಿದ್ರು."

"ಅವ್ಳು ನುಡ್ಸಿದ್ ನಮ್ಗೂ ಗೊತ್ತು ಬಿಡಿ, ಮನೇಲಿ ದಿನಾ ಕೇಳ್ತೀವಿ. ಅದನ್ನೇ ಕಳಿಸಿದ್ರೆ ಏನ್ ಬರೋದು?"

ಕೆಲವರು ನಕ್ಕರು. ನಯನ ಕೋಣೆಯ ಮೂಲೆ ನೋಡಿದಳು. ಅರ್ಪಿತ ಅಲ್ಲೇ ಕುರ್ಚಿಯಲ್ಲಿ ಕೂತಿದ್ದಳು. ತಾಯಿಯ ಮಾತು ಕೇಳಿ ತನ್ನ ಉಗುರುಗಳನ್ನು ನೋಡಿಕೊಳ್ಳತೊಡಗಿದಳು. ನಯನಳಿಗೆ ಶಶಿಧರನ ಮೇಲಿದ್ದ ಅಸಹ್ಯ ಆ ಗಳಿಗೆಗೆ ಕಡಿಮೆಯಾದ ಹಾಗೆ ಅನ್ನಿಸಿತು. ಅವನೊಬ್ಬ ಅಂಗಡಿಯವನು, ಕೇಳಿದ್ದನ್ನು ಕೊಟ್ಟಿದ್ದ. ಕೇಳಿದವರು ಇವರು. ಇಸ್ತ್ರಿ ಹಾಕಿದ ಬಟ್ಟೆ ತೊಟ್ಟು, ತಂತಮ್ಮ ಮಕ್ಕಳನ್ನು ಪಕ್ಕದಲ್ಲೇ ಕೂರಿಸಿಕೊಂಡು, ಆ ಮಕ್ಕಳ ಕೈ ಕೆಲಸಕ್ಕೆ ಬಾರದ್ದು ಅಂತ ಕೂಗಿ ಹೇಳುತ್ತಿದ್ದವರು.

"ನಿಮಗೆಲ್ಲ ನಾಚಿಕೆಯಾಗಬೇಕು," ಅಂದಳು. ಎದ್ದು ಬಂದಳು. ಹಿಂದಿನಿಂದ ಯಾರೋ "ಅಹಂಕಾರ ನೋಡು" ಅಂದದ್ದು ಕೇಳಿಸಿತು.

ಅವಳು ಮನೆಯಲ್ಲೇ ಪಾಠ ಶುರುಮಾಡಿದಳು. ಮೈಸೂರಿನಲ್ಲಿ ಚರ್ಚಿನವರು ಮಾರುತ್ತಿದ್ದ ಹಳೆಯ ಪಿಯಾನೊ ಒಂದನ್ನು ಜಕೀವುಲ್ಲಾ ತನ್ನ ಗೆಳೆಯನ ಟೆಂಪೋದಲ್ಲಿ ತಂದು ಇಳಿಸಿಕೊಟ್ಟ. ಬಹಳ ದಿನ ತಹಸೀನ್ ಒಬ್ಬಳೇ ಶಿಷ್ಯೆ. ಕಾಲೇಜು ಮುಗಿಸಿ ಮದ್ದೂರಿನಿಂದ ಪ್ಯಾಸೆಂಜರ್ ರೈಲು ಹಿಡಿದು ಬರುತ್ತಿದ್ದಳು. ಹನಕೆರೆ ದಾಟುವಾಗ ಬ್ಯಾಗಿನ ಮೇಲೆ ಬೆರಳಾಡಿಸಲು ಶುರುಮಾಡಿದರೆ ಮಂಡ್ಯ ಬರುವವರೆಗೂ ನಿಲ್ಲಿಸುತ್ತಿರಲಿಲ್ಲವಂತೆ.

ಮರುವರ್ಷ ಪರೀಕ್ಷಕರ ಮುಂದೆಯೇ ಕೂತು ನುಡಿಸುವ ಪರೀಕ್ಷೆಗೆ ಮೈಸೂರಿಗೆ ಹೋದರು. ನಯನ ಬಾಗಿಲ ಹೊರಗಿನ ಬೆಂಚಿನಲ್ಲಿ ಕೂತಿದ್ದಳು, ಪಕ್ಕದಲ್ಲಿ ಒಗೆದ ಶರ್ಟು ಹಾಕಿಕೊಂಡ ಜಕೀವುಲ್ಲಾ. ಒಳಗಿನಿಂದ ಆ ನಿಧಾನದ ಭಾಗ ಕೇಳಿಬಂತು. ಚಿಕ್ಕ ಸ್ವರಗಳು ಒಂದೊಂದೂ ಒರಗಿ, ತಿಕ್ಕಾಡಿ, ಇಳಿದವು. ಕೊನೆಯ ಪುಟದಲ್ಲಿ ತಹಸೀನ್ ತಡವರಿಸಿದಳು. ಒಂದು ಕಡೆ ನಿಂತೇಹೋಯಿತು. ಜಕೀವುಲ್ಲಾ ಉಸಿರು ಹಿಡಿದು ನಯನಳ ಮುಖ ನೋಡಿದ. ಮತ್ತೆ ಶುರುವಾಗಿ ಮುಗಿಯಿತು.

ಪಾಸಾದಳು. ಡಿಸ್ಟಿಂಕ್ಷನ್ ಬರಲಿಲ್ಲ. ಅಲಂಕಾರ ಸ್ವರಗಳು ಆ ಕಾಲಕ್ಕೆ ತಕ್ಕ ಹಾಗಿವೆ ಅಂತ ಪರೀಕ್ಷಕರು ಬರೆದಿದ್ದರು, ನಿಲ್ಲದೆ ನುಡಿಸುವುದರ ಮೇಲೆ ಇನ್ನಷ್ಟು ಗಮನ ಬೇಕು ಅಂತಲೂ. ತಹಸೀನ್ ಒಂದು ದಿನ ಅತ್ತಳು. ಎರಡನೇ ದಿನ ಮುಂದಿನ ಗ್ರೇಡಿನ ಪುಸ್ತಕ ಕೇಳಿದಳು.

ಆಷಾಢದ ಒಂದು ಸಂಜೆ ರೂಪ ನಯನಳ ಮನೆಗೆ ಬಂದಳು. ಜೊತೆಗೆ ಅರ್ಪಿತ ಇದ್ದಳು, ಕವರಿನಲ್ಲಿ ಸೇಬು ಇದ್ದವು. ಮರಿತಾಯಮ್ಮ ಚಾಪೆ ಹಾಸಿ ಕಾಫಿ ಕೊಟ್ಟರು. ರೂಪ ಹಿಂದಿನದೇನೂ ನಡೆದೇ ಇಲ್ಲ ಅನ್ನುವ ಹಾಗೆ ಮಾತಾಡಿದಳು.

"ಶಶಿಧರ್ ಕ್ಲಾಸಲ್ಲಿ ಹೊಸ ಟೀಚರ್ ಬಂದಿದಾರೆ, ಆದ್ರೆ ಏನೂ ಹೇಳ್ಕೊಡಲ್ಲ ನಯನ. ಇವ್ಳು ದಿನಾ ನಿಮ್ ಹೆಸ್ರೇ ಹೇಳ್ತಾಳೆ. ಪಾಠ ನಿಮ್ಹತ್ರಾನೇ ಆಗ್ಲಿ ಅಂತ."

ನಯನಳ ಮನಸ್ಸು ಕರಗಿತು. "ಸಂತೋಷ. ಕಳಿಸಿ. ನಾಳೆಯಿಂದಲೇ ಬರಲಿ."

ರೂಪ ದನಿ ತಗ್ಗಿಸಿದಳು. "ಇನ್ನೊಂದು ವಿಷ್ಯ. ಶಶಿಧರ್ ಈಗ ಬೇರೆ ಪರೀಕ್ಷೆಯವ್ರ ಜೊತೆ ಒಪ್ಪಂದ ಮಾಡ್ಕೊಂಡಿದಾರೆ. ಸಾಫ್ಟ್‌ವೇರೂ ಹೊಸದಂತೆ, ಬೆರಳಿಗೆ ಸರ್ಯಾಗ್ ಕೂರುತ್ತಂತೆ, ಯಾರ್ಗೂ ಗೊತ್ತಾಗಲ್ವಂತೆ. ಕಲಿಯೋದು ನಿಮ್ಹತ್ರ. ವಿಡಿಯೋ ಮಾತ್ರ ಅವ್ರ ಕೈಲೇ ಮಾಡಿಸ್ತೀವಿ. ನೀವು ಏನೂ ಅಂದ್ಕೋಬಾರ್ದು."

ನಯನಳ ಬಾಯಲ್ಲಿದ್ದ ಕಾಫಿ ಕಹಿಯಾಯಿತು. ನುಂಗಲೂ ಆಗಲಿಲ್ಲ, ಉಗಿಯಲೂ ಆಗಲಿಲ್ಲ. ಹಿತ್ತಿಲಿಗೆ ಹೋಗಿ ಬಚ್ಚಲಿಗೆ ಉಗಿದು ಬಂದಳು. ಒಳಗೆ ಬಂದಾಗ ಮರಿತಾಯಮ್ಮ ಸೇಬಿನ ಕವರನ್ನು ರೂಪಳ ಕೈಗೆ ವಾಪಸು ತುರುಕುತ್ತಿದ್ದರು.

"ಎದ್ದ್ ಓಗವ್ವ, ಎದ್ದ್ ಓಗು. ಮಗೀಗೆ ಕಲೀಬೇಕು ಅಂತಿದ್ರೆ ಅದೇ ಬರ್ಲಿ, ಮುದ್ದೆನೂ ಆಕ್ತೀನಿ. ನೀನ್ ಮಾತ್ರ ಈ ಕಡೆ ತಲೆ ಆಕ್ಬ್ಯಾಡ."

ರೂಪಳ ಮುಖ ಕೆಂಪಾಯಿತು. "ಏನ್ ಜನಾನೋ!" ಅಂದು ಮಗಳ ಕೈ ಹಿಡಿದು ಎಳೆದುಕೊಂಡು ಹೊರಟಳು. ಗೇಟಿನ ಹತ್ತಿರ ಅರ್ಪಿತ ಒಂದು ಸಲ ಹಿಂದೆ ತಿರುಗಿ, ಪಿಯಾನೊ ಇದ್ದ ಕೋಣೆಯ ಕಿಟಕಿ ನೋಡಿದಳು. ತಾಯಿ ಸ್ಕೂಟರ್ ಸ್ಟಾರ್ಟ್ ಮಾಡಿದಳು. ಹುಡುಗಿ ಹತ್ತಿ ಕೂತಳು.

ಅವಳು ನಾಳೆ ಬಂದಾಳೆ ಅಂತ ನಯನ ಕಾದಳು. ಆ ವಾರವೆಲ್ಲ ಕಾದಳು. ಅರ್ಪಿತ ಬರಲಿಲ್ಲ.